ಶಿಲಾಫಲಕ ಇಲ್ಲದ ಖರ್ಚು

ಶಾಲೆಗಳು ಏಪ್ರಿಲ್ 10ಕ್ಕೆ ಮುಚ್ಚಿದ ಮೇಲೆ ರಾಯಚೂರಿನಲ್ಲಿ ಮಾತು ಒಂದೇ: ಎಸ್ಸೆಸ್ಸೆಲ್ಸಿಯಲ್ಲಿ ಜಿಲ್ಲೆಗೆ ಎಷ್ಟನೇ ಸ್ಥಾನ? 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕ್ಯಾಮೆರಾದ ಕಣ್ಣೆದುರು ಬರೆದು ಪಾಸಾದ ಮಟಮಾರಿ, ದೇವದುರ್ಗ, ಮಾನ್ವಿ ಸೀಮೆಯ ಮಕ್ಕಳ ಅಂಕಗಳನ್ನು ಈಗ ಯಾರೂ ಅನುಮಾನಿಸುವಂತಿಲ್ಲ. ಸ್ಥಾನ ಕೆಳಗಿದ್ದರೂ ಇದು ಸಾಧನೆಯೇ.

ಹತ್ತಿ ಬಿಡಿಸುವ ದಿನಗಳಲ್ಲಿ ತರಗತಿಗಳು ಖಾಲಿಯಾಗುತ್ತವೆ. ಕುಟುಂಬ ಬೆಂಗಳೂರಿಗೆ ಗುಳೆ ಹೊರಟರೆ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯುತ್ತದೆ. ಇಂಥವರಿಗೆಂದೇ ಸಮಗ್ರ ಶಿಕ್ಷಣದಡಿ ಋತುಮಾನ ವಸತಿ ಶಾಲೆಗೆ ಅವಕಾಶವಿದೆ. ಜಿಲ್ಲೆಗೆ ಸಾಲುವಷ್ಟು ಅವು ಬೇಕು, ಅದೂ ಗುಳೆಗೆ ಮೊದಲೇ.

ದುಡ್ಡಿಲ್ಲವೆನ್ನುವಂತಿಲ್ಲ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದು ದಶಕ ಮೀರಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024–25ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಗಿತ್ತು. ಆದರೆ ಕೊಠಡಿ ಕಟ್ಟುವುದು ಗುತ್ತಿಗೆದಾರರಿಗೂ ಇಷ್ಟ, ಭೂಮಿಪೂಜೆಯ ಫೋಟೊಗೂ ಅನುಕೂಲ. ಶೌಚಾಲಯ ತೊಳೆಯುವವರ ಕೂಲಿ, ಕೆಟ್ಟ ಕುಡಿಯುವ ನೀರಿನ ಘಟಕದ ರಿಪೇರಿ, ಗಣಿತ–ಇಂಗ್ಲಿಷ್‌ಗೆ ಅತಿಥಿ ಶಿಕ್ಷಕರ ಸಕಾಲಿಕ ಗೌರವಧನ, ಇವಕ್ಕೆ ಶಿಲಾಫಲಕ ಹಾಕಲಾಗದು. ಮಂಡಳಿ ಈ ಬಾಬ್ತಿಗೆ ಪಾಲು ಮೀಸಲಿಡಲಿ. ಕಾಂಪೌಂಡು, ಅಡುಗೆ ಕೋಣೆಗಳನ್ನು ಗ್ರಾಮ ಪಂಚಾಯಿತಿಗಳು ನೋಡಿಕೊಳ್ಳಲಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ತಮ್ಮ ಬೇಡಿಕೆ ಪಟ್ಟಿಯನ್ನು ಶಾಲೆ ತೆರೆಯುವ ಮುನ್ನವೇ ಬಿಇಒ ಕಚೇರಿಗೆ ಮುಟ್ಟಿಸಲಿ.