ಫೈಬರ್ ಸಿಗುವ ಬೀದಿಯಲ್ಲಿ ಬೇರೆ ಮಾತೇಕೆ?

ಮನೆಗೆ ಇಂಟರ್ನೆಟ್ ಹಾಕಿಸುವಾಗ ಎಲ್ಲರೂ ಮೊದಲು ಕೇಳುವುದು ‘ಎಷ್ಟು ಎಂಬಿಪಿಎಸ್?’ ಎಂದು. ಮಾರುವವರಿಗೂ ಅದೇ ಬೇಕು. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಆ ಅಂಕಿಯೇ. ಆದರೆ ಒಬ್ಬರು ಟಿವಿಯಲ್ಲಿ 4ಕೆ ಸಿನಿಮಾ ನೋಡುತ್ತ, ಇನ್ನಿಬ್ಬರು ವಿಡಿಯೊ ಕಾಲ್‌ನಲ್ಲಿದ್ದರೂ ಸಾಮಾನ್ಯ ಮನೆಯ ಬಳಕೆ 50 ಎಂಬಿಪಿಎಸ್ ದಾಟುವುದು ಅಪರೂಪ. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ: ಹೇಳಿದ ವೇಗ ರಾತ್ರಿ ಒಂಬತ್ತಕ್ಕೂ ಉಳಿಯುತ್ತದೆಯೇ, ಅಪ್‌ಲೋಡ್ ಎಷ್ಟು, ಕಾಲ್‌ನಲ್ಲಿ ಮಾತು ತಡವರಿಸುತ್ತದೆಯೇ? ಈ ಮೂರರಲ್ಲೂ ಫೈಬರ್‌ಗೆ ಸಾಟಿಯಾದದ್ದು ಇನ್ನೂ ಬಂದಿಲ್ಲ. ಫೈಬರ್ ಸಿಗುವ ಬೀದಿಯಲ್ಲಿ ಏರ್ ಫೈಬರ್ ಆಗಲಿ, ಉಪಗ್ರಹದ ತಟ್ಟೆಯಾಗಲಿ ಹಾಕಿಸುವುದು ದುಡ್ಡು ದಂಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣ ಸರಳ. ಹಳೆಯ ಲ್ಯಾಂಡ್‌ಲೈನಿನ ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜಿನಿಂದ ಎರಡು-ಮೂರು ಕಿಲೊಮೀಟರ್ ದೂರ ಹೋಗುವಷ್ಟರಲ್ಲಿ ವೇಗ ಸೊರಗುತ್ತಿತ್ತು. ಗಾಜಿನ ಎಳೆಯಲ್ಲಿ ಬೆಳಕು 20 ಕಿಲೊಮೀಟರ್ ಸಾಗಿದರೂ ಗ್ರಾಹಕನಿಗೆ ವ್ಯತ್ಯಾಸ ತಿಳಿಯದು. ನಮ್ಮಲ್ಲಿ ವ್ಯಾಪಕವಾಗಿರುವ ಜಿಪಾನ್ ವ್ಯವಸ್ಥೆಯಲ್ಲಿ ಸುಮಾರು 2,500 ಎಂಬಿಪಿಎಸ್ ಸಾಮರ್ಥ್ಯವನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಅಷ್ಟೂ 64 ಮನೆಗಳು ಒಂದೇ ಕ್ಷಣ ಪೂರ್ತಿ ಎಳೆದರೂ ಪ್ರತಿ ಮನೆಗೆ 39 ಎಂಬಿಪಿಎಸ್ ಉಳಿಯುತ್ತದೆ. 5ಜಿ ಟವರಿನಿಂದ ಬರುವ ಏರ್ ಫೈಬರ್‌ನಲ್ಲಿ ಇಂಥ ಲೆಕ್ಕ ಹಾಕಲಾಗದು. ರಸ್ತೆಯಲ್ಲಿ ಹೋಗುವ ಮೊಬೈಲ್‌ಗಳೂ ಅದೇ ಟವರಿನ ಪಾಲುದಾರರು, ಅವರ ಸಂಖ್ಯೆಗೆ ಮಿತಿಯಿಲ್ಲ. ಅಲ್ಲದೆ ಅಲ್ಲಿ ಹೆಚ್ಚಿನ ಸಮಯ ಮೀಸಲಾಗುವುದು ಡೌನ್‌ಲೋಡ್‌ಗೆ. ಸಿನಿಮಾ ನೋಡುವವರಿಗೆ ಇದು ಗೊತ್ತೇ ಆಗದು. ದಿನವಿಡೀ ದೊಡ್ಡ ಫೈಲು ಕಳಿಸುವ ಫೋಟೊ ಸ್ಟುಡಿಯೊ, ಡಿಟಿಪಿ ಅಂಗಡಿಗಳಿಗೆ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಇನ್ನು 5ಜಿಯ 26 ಗಿಗಾಹರ್ಟ್ಸ್ ತರಂಗಕ್ಕೆ ಗೋಡೆಯಿರಲಿ, ದಟ್ಟ ಎಲೆಗಳೂ ಅಡ್ಡಿಯೇ.

ಉಪಗ್ರಹದ ವಿಷಯ ಬೇರೆ. ಸ್ಟಾರ್‌ಲಿಂಕ್‌ಗೆ ಭಾರತದಲ್ಲಿ 2025ರ ಜೂನ್‌ನಲ್ಲಿ ಪರವಾನಗಿ ಸಿಕ್ಕಿತು. ಅದರ ಉಪಗ್ರಹಗಳು ಸುಮಾರು 550 ಕಿಲೊಮೀಟರ್ ಎತ್ತರದಲ್ಲಷ್ಟೇ ಸುತ್ತುವುದರಿಂದ, 35,786 ಕಿಲೊಮೀಟರ್ ಮೇಲಿನ ಹಳೆಯ ಬಗೆಯ ಉಪಗ್ರಹಗಳಂತೆ ಅರ್ಧ ಸೆಕೆಂಡ್ ಕಾಯಿಸುವುದಿಲ್ಲ. ಕೊಡಗಿನ ಒಳ ಎಸ್ಟೇಟುಗಳಿಗೆ, ಘಟ್ಟದ ಒಂಟಿ ಮನೆಗಳಿಗೆ ಇದು ವರವಾಗಬಹುದು. ಜಯನಗರಕ್ಕೆ ಬೇಕಿಲ್ಲ.

‘ಮಲೆನಾಡಿಗೆ ಬಂದು ನೋಡಿ’ ಎನ್ನುವವರಿದ್ದಾರೆ. ಮಳೆಗಾಲದಲ್ಲಿ ಒಂದು ಮರ ಉರುಳಿದರೆ ಕೇಬಲ್ ತುಂಡು. ಮೋಡೆಮ್‌ನ ಎಲ್‌ಓಎಸ್ ದೀಪ ಕೆಂಪಾಗಿ ಮಿಣುಕತೊಡಗಿದರೆ ಸ್ಪ್ಲೈಸಿಂಗ್ ಯಂತ್ರ ಹೊತ್ತು ಹುಡುಗರು ಬರುವತನಕ ಗತಿಯಿಲ್ಲ. ದೂರು ನ್ಯಾಯವಾದದ್ದೇ. ಆದರೆ ಕರೆಂಟ್ ಹೋಗಿ ಬ್ಯಾಟರಿ ಮುಗಿದರೆ ಟವರ್ ಕೂಡ ಮಲಗುತ್ತದೆ, ಅನೇಕ ಟವರುಗಳಿಗೆ ಸಂಪರ್ಕ ಬರುವುದೂ ಫೈಬರ್ ಮೂಲಕವೇ. ಮನೆಗೆ ಬರುವ ಗಾಜಿನ ಎಳೆಗಾದರೋ ದಾರಿಯ ನಡುವೆ ಕರೆಂಟೇ ಬೇಡ. ಕಂಪನಿಯ ತುದಿಯ ಯಂತ್ರಕ್ಕೂ ನಮ್ಮ ಮೋಡೆಮ್‌ಗೂ ಇದ್ದರೆ ಸಾಕು. ಮೋಡೆಮ್‌ಗೆ ಪುಟ್ಟ 12 ವೋಲ್ಟ್ ಯುಪಿಎಸ್ ಸಾಲುತ್ತದೆ. ತಪ್ಪು ಇರುವುದು ಫೈಬರ್‌ನಲ್ಲಲ್ಲ, ಅದನ್ನು ಮರದಿಂದ ಮರಕ್ಕೆ ನೇತುಹಾಕುವ ನಮ್ಮ ಪದ್ಧತಿಯಲ್ಲಿ.

ಬಾಡಿಗೆ ಮನೆಯವರು, ಆರು ತಿಂಗಳಿಗೆ ಕಚೇರಿ ತೆರೆದವರು ಏರ್ ಫೈಬರ್ ಹಾಕಿಸಿಕೊಂಡರೆ ತಕರಾರಿಲ್ಲ. ನನ್ನ ಆತಂಕ ಬೇರೆ: ಚಾವಣಿಗೊಂದು ಡಬ್ಬಿ ಹಚ್ಚಿ ‘ಬ್ರಾಡ್‌ಬ್ಯಾಂಡ್ ಕೊಟ್ಟೆವು’ ಎಂದರೆ ಸಣ್ಣ ಊರುಗಳ ಬೀದಿ ಅಗೆಯುವ ಖರ್ಚು ಕಂಪನಿಗಳಿಗೆ ಉಳಿಯುತ್ತದೆ, ಅಲ್ಲಿಗೆ ಫೈಬರ್ ಬರುವ ದಿನ ಮುಂದಕ್ಕೆ ಹೋಗುತ್ತದೆ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಒಪ್ಪಿದ್ದು 2011ರಲ್ಲಿ. ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುವ, ಅದೇ ಯೋಜನೆಯ ರಿಂಗ್ ಮಾದರಿಗೆ 1.39 ಲಕ್ಷ ಕೋಟಿ ರೂಪಾಯಿ ಮಂಜೂರಾದದ್ದು 2023ರ ಆಗಸ್ಟ್‌ನಲ್ಲಿ. ಪಂಚಾಯಿತಿ ಕಟ್ಟಡದವರೆಗೆ ಬಂದ ಎಳೆ ಅಲ್ಲಿಂದ ಶಾಲೆಗೆ, ಅಂಗಡಿಗೆ, ಮನೆಗೆ ಯಾವಾಗ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಹೊಸ ಮನೆ ಕಟ್ಟಿಸುತ್ತಿರುವವರು ಗೇಟಿನಿಂದ ಹಾಲ್‌ವರೆಗೆ ಒಂದು ಖಾಲಿ ಪಿವಿಸಿ ಪೈಪನ್ನು ಈಗಲೇ ಹೂತಿಡಿ.