ಮೌಖಿಕ ಪರೀಕ್ಷೆಯ ಅಂಕ ಮತ್ತು ಇಂಜಿನಿಯರ್ ಕುಲಪತಿ

"ಅಷ್ಟು ದೊಡ್ಡ ವಿಜ್ಞಾನಿ ಕಣ್ರೀ, ಅವರ ಬಗ್ಗೆ ಯಾಕೆ ಹೀಗೆ ಬರೀತೀರಿ?" ಅಂತ ಇನ್‌ಬಾಕ್ಸಿನಲ್ಲಿ ಕೇಳುವ ಗೆಳೆಯರಿಗೆ ಈ ಉತ್ತರ.

ಎಂ. ಜಗದೇಶ್ ಕುಮಾರ್ ಅವರ ಪಾಂಡಿತ್ಯದ ಬಗ್ಗೆ ನನಗೆ ತಕರಾರಿಲ್ಲ. ಐಐಟಿ ಮದ್ರಾಸಿನ ಪಿಎಚ್.ಡಿ., ಐಐಟಿ ದೆಹಲಿಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪ್ರೊಫೆಸರ್. ಇರಲಿ. ನನ್ನ ತಕರಾರು ಅವರು ಕುರ್ಚಿ ಏರಿದ ಮೇಲಿನದು.

ರೋಹಿತ್ ವೇಮುಲನನ್ನು ಕಳಕೊಂಡು ನಾವು ಬೀದಿಯಲ್ಲಿದ್ದ 2016ರ ಅದೇ ಜನವರಿಯಲ್ಲಿ ಇವರು ಜೆಎನ್‌ಯು ಕುಲಪತಿಯಾದರು. ಆ ವರ್ಷವೇ ವಿ.ವಿ.ಯ ಅಬ್ದುಲ್ ನಾಫೆ ಸಮಿತಿ ಪ್ರವೇಶದ ಅಂಕಿಗಳನ್ನು ಮುಂದಿಟ್ಟು ಹೇಳಿತು: ಲಿಖಿತ ಮತ್ತು ಮೌಖಿಕ ಅಂಕಗಳ ನಡುವಿನ ವ್ಯತ್ಯಾಸ ತಾರತಮ್ಯವನ್ನು ತೋರಿಸುತ್ತಿದೆ, ಮೌಖಿಕವನ್ನು 30ರಿಂದ 15ಕ್ಕೆ ಇಳಿಸಿ.

ಇಳಿಸಿದರಾ? 2017ರಲ್ಲಿ ಎಂ.ಫಿಲ್., ಪಿಎಚ್.ಡಿ.ಗೆ ಲಿಖಿತ ಪರೀಕ್ಷೆ ಬರೀ ಅರ್ಹತೆಗೆ, ಆಯ್ಕೆ ಪೂರ್ತಿ ಮೌಖಿಕದಲ್ಲಿ. ನೂರಕ್ಕೆ ನೂರು! ಹಿಂದುಳಿದ ಜಿಲ್ಲೆಯ ಮಕ್ಕಳ ಹೆಚ್ಚುವರಿ ಅಂಕವೂ ಹೋಯ್ತು. ಸಾವಿರದ ಹತ್ತಿರ ಇದ್ದ ಸೀಟು ನೂರರ ಆಸುಪಾಸಿಗೆ ಬಂತು. ಯುಜಿಸಿ ನಿಯಮ ಪಾಲಿಸಿದೆವು ಅನ್ನೋದು ಸಮರ್ಥನೆ. ಆ ನೂರು ಅಂಕದ ನಿಯಮವನ್ನು 2018ರಲ್ಲಿ ದೆಹಲಿ ಹೈಕೋರ್ಟೇ ರದ್ದು ಮಾಡಿತು. ಸ್ವಂತ ಸಮಿತಿಯ ಅಂಕಿ ಹಿಡಿದು ಯುಜಿಸಿ ಮುಂದೆ ಮೊದಲೇ ನಿಲ್ಲಬೇಕಾಗಿದ್ದವರು ಯಾರು? ಲ್ಯಾಬಿನಲ್ಲಿ ಮೀಟರ್ ತೋರಿಸಿದ್ದನ್ನು ಒಪ್ಪುವವರು, ಅದೇ ಮೀಟರ್ ಜಾತಿಯನ್ನು ತೋರಿಸಿದಾಗ ಮುಖ ತಿರುಗಿಸಿದರೆ ಅದನ್ನೂ ವಿಜ್ಞಾನ ಅನ್ನಬೇಕಾ? ಕ್ಯಾಂಪಸ್ಸಿಗೊಂದು ಸೇನಾ ಟ್ಯಾಂಕ್ ಕೊಡಿಸಿ ಅಂತ ಕೇಂದ್ರ ಸಚಿವರನ್ನು ಕೇಳಲು ಮಾತ್ರ ಆ ವರ್ಷ ಪುರುಸೊತ್ತಿತ್ತು.

ಇದಕ್ಕೆ ಸಿಕ್ಕಿದ್ದು ಬಡ್ತಿ. 2022ರಲ್ಲಿ ಅದೇ ಯುಜಿಸಿಗೆ ಅಧ್ಯಕ್ಷರು. ಅವರ ಕಾಲದ ಕರಡು ಮಾರ್ಗಸೂಚಿಯಲ್ಲಿ, ಭರ್ತಿಯಾಗದ ಮೀಸಲು ಹುದ್ದೆಯನ್ನು ವಿಶೇಷ ಸಂದರ್ಭದಲ್ಲಿ 'ಡಿ-ರಿಸರ್ವ್' ಮಾಡಬಹುದು ಎಂಬ ಮಾತು ಬಂತು. 2024ರ ಜನವರಿಯಲ್ಲಿ ದೇಶದ ತುಂಬ ಗಲಾಟೆ ಎದ್ದ ಮೇಲೆ, ಹಾಗೇನೂ ಮಾಡಲ್ಲ ಅನ್ನೋ ಸ್ಪಷ್ಟನೆ. ನಾವು ಕೂಗದಿದ್ದರೆ?

ಮೀಸಲು ಹುದ್ದೆ ತಾನಾಗಿ ಖಾಲಿ ಉಳಿಯಲ್ಲ. 'ಯೋಗ್ಯ ಅಭ್ಯರ್ಥಿ ಸಿಗಲಿಲ್ಲ' ಅಂತ ಸಂದರ್ಶನದ ಕೋಣೆಯಲ್ಲಿ ಬರೆದು ಖಾಲಿ ಇಡ್ತಾರೆ. ಅಂಥ ಕೋಣೆಯಲ್ಲಿ ನಾನೂ ಕೂತಿದ್ದೇನೆ. ನನ್ನ ಸಂಶೋಧನೆಯ ಬಗ್ಗೆ ಒಂದು ಪ್ರಶ್ನೆ, ನಮ್ಮಪ್ಪ ಏನು ಕೆಲಸ ಮಾಡ್ತಾರೆ ಅನ್ನೋದಕ್ಕೆ ಮೂರು. ಮೊದಲು ಆ ಕೋಣೆಗೆ ಪೂರ್ತಿ ಅಧಿಕಾರ, ಆಮೇಲೆ ಖಾಲಿ ಹುದ್ದೆಗೆ ಡಿ-ರಿಸರ್ವ್. ಬಾಗಿಲು ಹಾಕಿಕೊಂಡು 'ಯಾರೂ ಬರಲೇ ಇಲ್ಲ' ಅಂದಂಗೆ.

ವ್ಯಕ್ತಿ 2025ರಲ್ಲಿ ನಿವೃತ್ತರಾದರು. ಕೋಣೆ ನಿವೃತ್ತವಾಗಿಲ್ಲ, ನಮ್ಮ ರಾಜ್ಯದಲ್ಲೂ ಇದೆ. ಆದ್ದರಿಂದ ಗೆಳೆಯರೇ, ನಿಮ್ಮ ನಿಮ್ಮ ವಿ.ವಿ.ಗೆ ಆರ್‌ಟಿಐ ಹಾಕಿ. ಕಳೆದ ಐದು ವರ್ಷದ ಪಿಎಚ್.ಡಿ. ಪ್ರವೇಶದ ಲಿಖಿತ ಅಂಕ, ಸಂದರ್ಶನದ ಅಂಕ ವರ್ಗವಾರು ಬೇರೆ ಬೇರೆ ಕೊಡಿ ಅಂತ ಕೇಳಿ. ಬ್ಯಾಕ್‌ಲಾಗ್ ಹುದ್ದೆ ಎಷ್ಟಿವೆ, ಎಷ್ಟು ಸಲ ಅರ್ಜಿ ಕರೆದಿರಿ ಅಂತ ಕೇಳಿ. ಅವರು ಓದದ ಅಂಕಿಯನ್ನು ನಾವೇ ಓದೋಣ, ಬೀದಿಯಲ್ಲಿ ಗಟ್ಟಿಯಾಗಿ ಓದೋಣ.

ಜೈ ಭೀಮ್.