ಗಡಿ ದಾಟಿದ ಮಗುವಿಗೆ ಮೂರನೇ ಸೂಜಿ ಯಾರ ಹೊಣೆ?

ಕಳೆದ ಚಳಿಗಾಲ ಔಷಧಿ ಅಂಗಡಿಯೊಂದರ ಮುಂದೆ ನಿಂತಿದ್ದೆ. ಮಗುವನ್ನು ಸೆರಗಲ್ಲಿ ಸುತ್ತಿಕೊಂಡು ಬಂದ ತಾಯಿ ಖಾಲಿ ಸಿರಪ್ ಬಾಟಲಿ ಮುಂದಿಟ್ಟಳು: "ಇದೇ ಕೊಡಿ, ದೊಡ್ಡವನಿಗೆ ಇದರಲ್ಲೇ ವಾಸಿಯಾಯ್ತು." ಅಜಿಥ್ರೋಮೈಸಿನ್. ಚೀಟಿ ಕೇಳಲಿಲ್ಲ, ಮಗುವಿನ ತೂಕ ಕೇಳಲಿಲ್ಲ. ಅಂಗಿ ಎತ್ತಿ ಪಕ್ಕೆ ಸೆಳೆಯುತ್ತಿದೆಯೇ ಎಂದು ಯಾರೂ ನೋಡಲಿಲ್ಲ. ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂಬ ಎಚ್ಚರಿಕೆ ಆ ಬಾಟಲಿಯ ಮೇಲೇ ಅಚ್ಚಾಗಿರುತ್ತದೆ.

ತಾಯಿಯನ್ನು ನಾನು ದೂರುವುದಿಲ್ಲ. ತಾಲ್ಲೂಕು ಕೇಂದ್ರ ಮುಳಬಾಗಿಲಿಗೆ ಹೋಗಿ ಡಾಕ್ಟರಿಗೆ ತೋರಿಸಿ ಬರುವಷ್ಟರಲ್ಲಿ ಟೊಮೆಟೊ ತೋಟದ ಒಂದು ದಿನದ ಕೂಲಿ ಹೋಗುತ್ತದೆ. ಕಾನೂನು ಗೊತ್ತಿದ್ದೂ ಮಾರುವವರನ್ನು ದೂರುತ್ತೇನೆ, ತಪಾಸಣೆಗೆ ಬಾರದ ಅಧಿಕಾರಿಗಳನ್ನು ದೂರುತ್ತೇನೆ.

ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ ಎಷ್ಟೋ ಮಕ್ಕಳ ಮೂಗು, ಗಂಟಲಲ್ಲಿ ಸದ್ದಿಲ್ಲದೆ ಇರುತ್ತದೆ. ನೆಗಡಿಗೆ ಸುಮ್ಮನೆ ಕುಡಿಸಿದ ಆಂಟಿಬಯೋಟಿಕ್ ಬಗ್ಗುವ ಬ್ಯಾಕ್ಟೀರಿಯಾಗಳನ್ನು ಕೊಂದು ಬಗ್ಗದವುಗಳಿಗೆ ಜಾಗ ಬಿಟ್ಟುಕೊಡುತ್ತದೆ. ಅವು ಅಣ್ಣನಿಂದ ತಂಗಿಗೆ, ಅಂಗನವಾಡಿಯ ಪಕ್ಕದ ಮಗುವಿಗೆ ದಾಟುತ್ತವೆ. 1990ರ ದಶಕದಲ್ಲಿ ದೇಶದ ಆರು ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದಲ್ಲಿ ಪೆನಿಸಿಲಿನ್‌ಗೆ ಭಾಗಶಃ ನಿರೋಧ ತೋರಿದ ತಳಿಗಳು ಶೇ. 1.3 ಮಾತ್ರ. ಆದರೆ ಆಗ ನ್ಯುಮೋನಿಯಾಕ್ಕೆ ಹಳ್ಳಿಹಳ್ಳಿಯಲ್ಲಿ ಕೊಡುತ್ತಿದ್ದ ಕೋಟ್ರೈಮೊಕ್ಸಜೋಲ್‌ಗೆ ಅರ್ಧಕ್ಕಿಂತ ಹೆಚ್ಚು ತಳಿಗಳು ಜಗ್ಗುತ್ತಿರಲಿಲ್ಲ. ಈಗ ಅದರ ಜಾಗದಲ್ಲಿ ಅಮಾಕ್ಸಿಸಿಲಿನ್ ಇದೆ. ಅದನ್ನೂ ಕಳೆದುಕೊಂಡರೆ ಬಡವರ ಮಗುವಿಗೆ ಏನು ಕೊಡುತ್ತೀರಿ?

ಔಷಧಿಯವರೆಗೂ ಹೋಗದಂತೆ ಈ ಸೋಂಕನ್ನು ತಡೆಯಲು ಇರುವುದು ನ್ಯುಮೋಕಾಕಸ್ ಲಸಿಕೆ, ಪಿಸಿವಿ. ಆದರೆ "ಲಸಿಕೆ ಹಾಕಿಸಿದ ಮೇಲೂ ಕೆಮ್ಮು ಬರುತ್ತಲ್ಲ, ಮತ್ಯಾಕೆ ಸೂಜಿ?" ಎನ್ನುವವರು ನಮ್ಮ ಕಡೆ ಬೇಕಾದಷ್ಟು ಜನ. ಬಹುಪಾಲು ಕೆಮ್ಮು ವೈರಸ್‌ನದು, ಪಿಸಿವಿ ಅದನ್ನು ತಡೆಯುವುದಿಲ್ಲ. ಅದು ತಡೆಯುವುದು ನ್ಯುಮೋಕಾಕಸ್‌ನಿಂದ ಬರುವ, ಉಸಿರು ಕಟ್ಟಿಸುವ ನ್ಯುಮೋನಿಯಾವನ್ನು, ಮಿದುಳಿಗೇರುವ ಜ್ವರವನ್ನು. ಈ ಬ್ಯಾಕ್ಟೀರಿಯಾದಲ್ಲಿ ನೂರಕ್ಕೂ ಹೆಚ್ಚು ಬಗೆ. ಪುಣೆಯ ಸೀರಂ ಸಂಸ್ಥೆಯ ಪಿಸಿವಿಯಾದ ನ್ಯುಮೋಸಿಲ್‌ನಲ್ಲಿರುವುದು ಹತ್ತೇ. ಆದರೆ ಔಷಧಿಗೆ ಬಗ್ಗದವೆಂದು ಕುಖ್ಯಾತವಾದ 19ಎಫ್, 19ಎ, 14, 23ಎಫ್, 6ಬಿ ಆ ಹತ್ತರೊಳಗೇ ಇವೆ. ಅಮೆರಿಕದಲ್ಲಿ 2000ರಿಂದ ಏಳು ಬಗೆಗಳ ಲಸಿಕೆ ಕೊಟ್ಟಾಗ ಔಷಧಿ ನಿರೋಧಕ ಸೋಂಕು ಇಳಿಯಿತು. ಅದರಲ್ಲಿಲ್ಲದ 19ಎ ಆಮೇಲೆ ತಲೆಯೆತ್ತಿತು. ಹಾಗಾಗಿ ಕಣ್ಗಾವಲೂ ಬೇಕು. ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ಸಂಸ್ಥೆಯ ಪ್ರಯೋಗಾಲಯ ವರ್ಷಗಳಿಂದ ಈ ಬಗೆಗಳ ಜಾಡು ಹಿಡಿದಿದೆ. ಕೋಲಾರದ ಮಕ್ಕಳ ಮಾದರಿಗಳೂ ಇಂಥ ಕಡೆ ತಪ್ಪದೆ ಪರೀಕ್ಷೆಯಾಗಲಿ.

ಸರ್ಕಾರ ಪಿಸಿವಿಯನ್ನು 2017ರಲ್ಲಿ ಹಿಮಾಚಲ ಮೊದಲಾದ ಕಡೆ ಶುರುಮಾಡಿತು. ನಮ್ಮ ಮಕ್ಕಳಿಗೆ ಪುಕ್ಕಟೆಯಾಗಿ ಸಿಗಲು 2021 ಆಗಬೇಕಾಯಿತು. ಆರು ವಾರಕ್ಕೊಂದು, ಹದಿನಾಲ್ಕು ವಾರಕ್ಕೊಂದು, ಒಂಬತ್ತು ತಿಂಗಳಿಗೆ ಬೂಸ್ಟರ್.

ಮುಳಬಾಗಿಲು ತಾಲ್ಲೂಕಿನ ಗಡಿ ಊರು ನಂಗಲಿಯ ಸಂಕಟ ಇರುವುದು ಈ ಮೂರನೆಯದರಲ್ಲೇ. ಚೆಕ್‌ಪೋಸ್ಟ್ ದಾಟಿದರೆ ಆಂಧ್ರ. ಸೊಸೆಯ ತವರು ಪಲಮನೇರು ಕಡೆಯಾದರೆ ಬಾಣಂತನ ಅಲ್ಲಿ, ಮೊದಲೆರಡು ಸೂಜಿ ಅಲ್ಲಿ. ಐದನೇ ತಿಂಗಳಲ್ಲಿ ಮಗು ಈ ಕಡೆ ಬರುತ್ತದೆ. ಅಲ್ಲಿನ ಕಾರ್ಡ್ ತೆಲುಗಿನಲ್ಲಿ, ಇಲ್ಲಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಮಗುವಿನ ಹೆಸರೇ ಇಲ್ಲ. ಅಂಥದ್ದೊಂದು ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ: ಎರಡು ಚೌಕಗಳಲ್ಲಿ ನೀಲಿ ಶಾಯಿಯ ತಾರೀಖು, ಮೂರನೆಯದು ಖಾಲಿ. ಮಗುವಿಗೆ ಆಗಲೇ ಹನ್ನೊಂದು ತಿಂಗಳು.

ಹಳ್ಳಿಗೆ ಹೊಸ ಬಾಣಂತಿ ಬಂದದ್ದು ಇಡೀ ಬೀದಿಗೆ ಗೊತ್ತಾಗುತ್ತದೆ. ಇಲಾಖೆಗೆ ಮಾತ್ರ ಯಾಕೆ ಗೊತ್ತಾಗಬಾರದು? ಮುಳಬಾಗಿಲು, ಪಲಮನೇರಿನ ಆರೋಗ್ಯಾಧಿಕಾರಿಗಳು ತಿಂಗಳಿಗೊಮ್ಮೆ ಪಟ್ಟಿ ಹಂಚಿಕೊಳ್ಳಲಿ. ಔಷಧಿ ನಿಯಂತ್ರಣಾಧಿಕಾರಿಗಳು ಹೆದ್ದಾರಿಯ ಅಂಗಡಿಗಳ ಬಿಲ್ಲುಗಳನ್ನೂ ಚೀಟಿಗಳನ್ನೂ ತಾಳೆ ನೋಡಲಿ. ಆ ಕಾರ್ಡಿನ ಮಗುವಿಗೆ ವರ್ಷ ತುಂಬಲು ಇನ್ನೊಂದೇ ತಿಂಗಳು ಬಾಕಿ.